ಕರೆದುಕೊಂಡು ಹೋಗಲು ಬರುವವನು

ಆಸ್ಪತ್ರೆಯ ಗೇಟಿನಾಚೆ ಲಾಂಡ್ರಿಯವನು ಆಗಲೇ ಬಂದು ನಿಂತಿದ್ದ. ಅವನನ್ನು ಕಂಡೊಡನೆ ಅವಳು ಮುಖ ಗಂಟಿಕ್ಕಿಕೊಂಡಳು. ಅವನು ನೋಡಿಯೂ ನೋಡದವನಂತೆ ಅವಳ ಬ್ಯಾಗಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಇಬ್ಬರೂ ಮನೆಯ ದಾರಿ ಹಿಡಿದರು.

ಅವಳು ಸೇವಾಸಂಸ್ಥೆಯೊಂದರ ಸ್ವಯಂಸೇವಕಿಯಾಗಿ ಪರದೇಶದ ಈ ಊರಿಗೆ ಬಂದ ಫಿಸಿಯೋಥೆರಪಿಸ್ಟ್. ಕಾಲು ಮುರಿದುಕೊಂಡವರನ್ನು ಎಬ್ಬಿಸಿ ನಡೆಸುವುದು ಅವಳ ಕೆಲಸ. ಊರವರಿಗೆಲ್ಲ ನಡಿಗೆ ಕಲಿಸುವವಳಿಗೆ ತಾನೊಬ್ಬಳೇ ನಾಲ್ಕು ಹೆಜ್ಜೆ ಹಾಕುವ ಭಾಗ್ಯ ಮಾತ್ರ ಇರಲಿಲ್ಲ. ಸಂಸ್ಥೆಯವರು ಅವಳನ್ನು ಇರಿಸಿದ್ದ ಮನೆಯ ಯಜಮಾನಿಗೆ ಪ್ರೀತಿ ಹೆಚ್ಚು, ಭಯ ಅದಕ್ಕಿಂತ ಹೆಚ್ಚು. ದೂರದಿಂದ ಬಂದ ಹುಡುಗಿ, ಏನಾದರೂ ಹೆಚ್ಚುಕಡಿಮೆಯಾದರೆ ಹೆತ್ತವಳಿಗೆ ಹೇಗೆ ಮುಖ ತೋರಿಸಲಿ ಎಂಬುದು ಆಕೆಯ ಒಂದೇ ರಾಗ. ಹಾಗಾಗಿ ಬೆಳಗ್ಗೆ ಬಿಡಲು, ಸಂಜೆ ಕರೆತರಲು ಮಗನನ್ನು ಅಟ್ಟುತ್ತಿದ್ದಳು. ಅವನು ತನ್ನ ಲಾಂಡ್ರಿ ಮುಚ್ಚಿ ಬರುತ್ತಿದ್ದ.

ಮನೆಯಲ್ಲೂ ಅದೇ ಕಥೆ. ಸ್ನಾನ ತಡವಾದರೆ ಹೊರಗಿನಿಂದ ಕೂಗು. ಕಿಟಕಿ ತೆರೆದರೆ ನೆಗಡಿಯಾಗುತ್ತದೆಂದು ಯಜಮಾನಿ ಬಂದು ಮುಚ್ಚುವಳು. ಸಿಟ್ಟು ಮಾಡೋಣವೆಂದರೆ ಮಗಳೇ ಎಂದು ಕರೆದು ಬಾಯಿ ಕಟ್ಟಿಹಾಕುವಳು. ಉಸಿರುಕಟ್ಟುತ್ತಿದೆ ಎಂದು ಫೋನಿನಲ್ಲಿ ಅತ್ತರೆ ಅಕ್ಕ ನಕ್ಕುಬಿಟ್ಟಿದ್ದಳು. ತನ್ನ ಅತ್ತೆಮನೆಯಲ್ಲಿ ಊಟವಾಯಿತಾ ಎಂದೂ ಯಾರೂ ಕೇಳುವುದಿಲ್ಲ, ಬೇಕಿದ್ದರೆ ಬದಲಾಯಿಸಿಕೊಳ್ಳೋಣ ಎಂದಿದ್ದಳು.

ಕಷ್ಟವೆಂದರೆ, ಈ ಸೆರೆಮನೆಯ ಕಾವಲುಗಾರ ಅವಳಿಗೆ ಇಷ್ಟವಾಗತೊಡಗಿದ್ದ. ಅವನು ಹತ್ತಿರ ಬಂದರೆ ಬಿಸಿ ಇಸ್ತ್ರಿಯ ವಾಸನೆ. ದಾರಿಯಲ್ಲಿ ಅಂಗಡಿಗಳ ಗಾಜಿನೊಳಗೆ ತನ್ನನ್ನು ಕದ್ದು ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು. ತನಗೆ ಗೊತ್ತಾಗಿದೆ ಎಂದು ಅವನಿಗೆ ತಿಳಿಯಲೆಂದೇ ಅವಳೂ ಅದೇ ಗಾಜಿನ ಮುಂದೆ ನಿಂತು ಮುಂಗುರುಳು ಸರಿಮಾಡಿಕೊಳ್ಳುವಳು. ಆಗ ಅವನ ಕಿವಿ ಕೆಂಪಾಗುವುದು. ಆದರೆ ಅಮ್ಮ ಅಟ್ಟಿದ್ದಕ್ಕೆ ಬರುವವನ ನೋಟವನ್ನು ನಂಬುವುದು ಹೇಗೆ?

ಅಂದು ದಾರಿಯಲ್ಲಿ ಅವಳು ಹೇಳಿಯೇಬಿಟ್ಟಳು. "ಬೇರೆ ಊರಿಗೆ ಹಾಕಿ ಅಂತ ಸಂಸ್ಥೆಯವರನ್ನ ಕೇಳ್ತೀನಿ. ನಿಮಗೂ ಪೀಡೆ ತೊಲಗುತ್ತೆ."

ಅವನು ಬಿರಬಿರನೆ ಮುಂದೆ ನಡೆದ. ರಾತ್ರಿ ಊಟಕ್ಕೆ ಕೂತಾಗ, ನಾಳೆಯಿಂದ ತಾನು ಹೋಗುವುದಿಲ್ಲ, ಬೇರೆ ಯಾರನ್ನೂ ಕಳಿಸಕೂಡದು ಎಂದು ತಾಯಿಗೆ ಹೇಳಿದ. ಯಜಮಾನಿ ಹೌಹಾರಿದಳು, ರೇಗಾಡಿದಳು. ಅವನು ಜಗ್ಗಲಿಲ್ಲ. ಪಕ್ಕದಲ್ಲಿ ಕೂತವಳು ತಟ್ಟೆಯನ್ನು ದೂರ ಸರಿಸಿದಳು. ಪೀಡೆ ಎಂದರೆ ಅಲ್ಲವೆನ್ನಲೂ ಇಲ್ಲವಲ್ಲ ಈ ಮಹಾಶಯ!

ಮರುದಿನ ಸಂಜೆ ಗೇಟಿನ ಬಳಿ ಯಾರೂ ಇರಲಿಲ್ಲ. ಅವಳು ಹಣ್ಣಿನ ಅಂಗಡಿಯಲ್ಲಿ ಚೌಕಾಶಿ ಮಾಡಿದಳು, ಗೊತ್ತಿಲ್ಲದ ಓಣಿಗೆ ನುಗ್ಗಿದಳು, ಬೆಂಚೊಂದರ ಮೇಲೆ ಕಾಲು ಚಾಚಿ ಕೂತು ಎದೆ ತುಂಬ ಉಸಿರೆಳೆದುಕೊಂಡಳು. ಹಾಯಾಗಿತ್ತು. ಆಮೇಲೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಎದ್ದವಳೇ ನೆಟ್ಟಗೆ ಲಾಂಡ್ರಿಗೆ ಹೋದಳು.

ಅವನು ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಅಷ್ಟು ಬೇಜಾರಾಗಿತ್ತಾ ನನ್ನ ಜೊತೆ ನಡೆಯೋಕೆ?" ಎಂದಳು.

ಅವನು ಇಸ್ತ್ರಿಯನ್ನು ಪಕ್ಕಕ್ಕಿಟ್ಟ. "ಕಾವಲು ಕಾಯೋನು ಬಂದು ನೀವಂದ್ರೆ ನಂಗಿಷ್ಟ ಅಂದಿದ್ರೆ, ನೀವು ಏನು ಹೇಳೋಕಾಗ್ತಿತ್ತು? ಸಂಜೆ ಮತ್ತೆ ನನ್ನ ಹಿಂದೇನೇ ಬರ್ಬೇಕು. ಅದಕ್ಕೇ ಆ ಕೆಲಸ ಬಿಟ್ಟೆ."

ಅವಳ ಸಿಟ್ಟು ಜರ್ರನೆ ಇಳಿದುಹೋಯಿತು. ಸಂತೋಷವಾಯಿತು, ಜೊತೆಗೇ ಭಯವೂ ಆಯಿತು. ಈಗ ಹೂಂ ಎಂದರೆ ಆ ಮುಚ್ಚಿದ ಕಿಟಕಿಗಳ ಮನೆಗೆ ಸೊಸೆಯಾಗಿಬಿಡುವೆನೇನೋ ಎನಿಸಿತು.

"ಬೇರೆ ಊರು ಕೇಳಲ್ಲ," ಎಂದಳು. "ಇದೇ ಊರಲ್ಲಿ ಬೇರೆ ರೂಮ್ ಕೇಳ್ತೀನಿ. ನಿಮ್ಮಮ್ಮಂಗೆ ನಾನೇ ಹೇಳ್ತೀನಿ, ಅವರು ಅತ್ರೂ ಹೇಳ್ತೀನಿ. ನನ್ನ ನೋಡ್ಬೇಕು ಅನ್ಸಿದ್ರೆ ಅಲ್ಲಿಗೆ ಬಂದು ಬಾಗಿಲು ತಟ್ಟಿ."

"ತೆಗೀತೀರಾ?"

"ಅದು ನನ್ನಿಷ್ಟ." ನಗು ತಡೆಯಲಾಗಲಿಲ್ಲ. "ತಟ್ಟಿ ನೋಡಿ."

ಹೊರಗೆ ಮಬ್ಬುಗತ್ತಲು. ಅವನು ಅಭ್ಯಾಸಬಲದಿಂದ ಶೂಗೆ ಕಾಲು ತೂರಿಸಿದ. ಅವಳು ಬೇಡವೆಂದು ತಲೆಯಾಡಿಸಿ ಮೆಟ್ಟಿಲಿಳಿದಳು.

ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವನು ಒಂದೇ ಕಾಲಿಗೆ ಶೂ ಹಾಕಿಕೊಂಡು, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ಹಿಂದೆ ಬರಬೇಕೆಂಬ ಆಸೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಆದರೂ ಅವನು ಒಂದು ಹೆಜ್ಜೆಯೂ ಕದಲಲಿಲ್ಲ. ಅವನು ತಟ್ಟಿದರೆ ತಾನು ಬಾಗಿಲು ತೆಗೆಯುತ್ತೇನೆಂದು ಅವಳಿಗೆ ಖಾತ್ರಿಯಾದದ್ದು ಆಗಲೇ.