ತಾಗಿದರೆ ನಿಲ್ಲುವ ಜೀವ

"ನಮ್ಮಕ್ಕನ್ನ ಕೊಂದ ಗಡ್ಡೆಗೆ ದಿನಾ ಊಟ ಹಾಕ್ತಿರೋದು ನೀವೇನಾ?"

ಪ್ರಯೋಗಾಲಯದ ಬಾಗಿಲಲ್ಲಿ ನಿಂತವನ ಕಿವಿ ಕೋಪಕ್ಕೆ ಕೆಂಪಾಗಿತ್ತು. ಒಳಗಿದ್ದ ಹುಡುಗಿ, ಜೀವಕೋಶಗಳಿಗೆ ಊಟವಾಗುವ ಗುಲಾಬಿ ದ್ರವದ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

ಅವಳ ಕೆಲಸವೇ ಅದು. ರೋಗಿಗಳಿಂದ ತೆಗೆದ ಜೀವಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸಿ, ಹೊಸ ಔಷಧಿಗಳ ಪರೀಕ್ಷೆಗೆ ಕೊಡುವುದು. ಕ್ಯಾನ್ಸರಿನಿಂದ ತೀರಿಕೊಂಡ ಇವನ ಅಕ್ಕ, ಸಾಯುವ ಮುಂಚೆ ತಾನಾಗಿಯೇ ಗಡ್ಡೆಯ ಚೂರನ್ನೂ ತೋಳಿನ ಒಳ್ಳೆಯ ಚರ್ಮದ ಚೂರನ್ನೂ ಕೊಟ್ಟು ಹೋಗಿದ್ದಳು. ಆಸ್ಪತ್ರೆಯವರು ತಮ್ಮನಿಗೆ ಅದನ್ನು ತಿಳಿಸಿದ್ದು ಇವತ್ತು.

"ಹೌದು, ನಾನೇ. ಬೈಯೋದಾದ್ರೆ ಬೈದುಬಿಡಿ. ಆಮೇಲೆ ಒಂದ್ಸಲ ನೋಡಿ."

ಜಗಳಕ್ಕೆ ಬಂದವನಿಗೆ ಜಗಳವೇ ಸಿಗಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ.

"ಇದು ಗಡ್ಡೇದು. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಜಾಗ ಇಲ್ದಿದ್ರೂ ಒಂದರ ಮೇಲೊಂದು ಹತ್ತಿ ಕೂರುತ್ತೆ. ಸಾಕು ಅನ್ನೋದೇ ಗೊತ್ತಿಲ್ಲ ಇದಕ್ಕೆ."

"ಬ್ರೇಕ್ ಫೇಲ್..." ಎಂದ ಮೆಲ್ಲಗೆ. ಅವನು ಕಾರು ಕಲಿಸುವ ಮೇಷ್ಟ್ರು. ಕಲಿಯುವವರು ಗಾಬರಿಯಾದರೆ ಒತ್ತಲು ತನ್ನ ಕಾಲಡಿಯಲ್ಲೂ ಒಂದು ಬ್ರೇಕ್ ಇಟ್ಟುಕೊಂಡವನು. "ಅಕ್ಕನ ಗಾಡೀಲಿ ನನ್ನ ಕಡೆ ಬ್ರೇಕೇ ಇರ್ಲಿಲ್ಲ ನೋಡಿ."

ಅವಳು ತಟ್ಟೆ ಬದಲಿಸಿದಳು. "ಇದೂ ಅಕ್ಕಂದೇ, ಚರ್ಮದ್ದು. ಪಕ್ಕದ್ದು ತಾಗಿದ ತಕ್ಷಣ ನಿಂತುಬಿಡುತ್ತೆ. ಇನ್ನೊಬ್ಬರ ಜಾಗಕ್ಕೆ ನುಗ್ಗಲ್ಲ."

"ಇದಕ್ಕೆ... ಜೀವ ಇದೆಯಾ?"

"ಇದೆ."

ಅಷ್ಟು ದೊಡ್ಡ ಆಳು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ!

ಅವತ್ತಿನಿಂದ ಪ್ರತಿ ಶನಿವಾರ ಬರತೊಡಗಿದ. ಅಕ್ಕನ ಚರ್ಮದ ತಟ್ಟೆಯೊಂದಿಗೆ ಹರಟುತ್ತಿದ್ದ.

"ಅಕ್ಕಾ, ಇವತ್ತೊಬ್ರು ರಿವರ್ಸ್ ಹಾಕಿ ಅಂದ್ರೆ ಸೀದಾ ಚಪ್ಪಲಿ ಅಂಗಡಿಗೇ ನುಗ್ಗಿಸಿದ್ರು!"

ಆಮೇಲೆ ದನಿ ತಗ್ಗಿಸಿ ಇನ್ನೇನೋ ಹೇಳುತ್ತಿದ್ದ. ಅಕ್ಕ ತಮ್ಮನ ಗುಟ್ಟು ನನಗ್ಯಾಕೆ ಎಂದು ಅವಳು ನಲ್ಲಿ ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಆದರೆ ಸೋಮವಾರದಿಂದಲೇ ಶನಿವಾರಕ್ಕೆ ಕಾಯುತ್ತಿದ್ದಳು.

'ಏನಾಗಿದೆ ನನಗೆ?'

ಒಂದು ಸತ್ಯವನ್ನು ಮಾತ್ರ ಅವಳು ಅವನಿಗೆ ಹೇಳಿರಲಿಲ್ಲ. ಒಳ್ಳೆಯ ಕೋಶಗಳಿಗೆ ಮುಪ್ಪಿದೆ. ಇಂತಿಷ್ಟು ಸಲ ಒಡೆದು ಎರಡಾದ ಮೇಲೆ ಅವು ನಿಂತೇ ಹೋಗುತ್ತವೆ. ಗಡ್ಡೆಯ ಕೋಶಕ್ಕೆ ಆ ಮುಪ್ಪೂ ಇಲ್ಲ. ಅಕ್ಕನ ಚರ್ಮದ ತಟ್ಟೆ ಆಗಲೇ ಸೊರಗುತ್ತಿತ್ತು...

ಒಂದು ಶನಿವಾರ ಅವಳ ತೋಳಿಗೆ ಬ್ಯಾಂಡೇಜು.

"ಕೈಗೇನಾಯ್ತು?"

"ಏನಿಲ್ಲ, ಸ್ವಲ್ಪ ತರಚಿತು."

ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಮುಖ ತಿರುಗಿಸಿಕೊಂಡಳು.

ಹಲವು ವಾರಗಳ ಮೇಲೆ ಅವನು ತಟ್ಟೆ ನೋಡಿ ನಕ್ಕ. "ಅಕ್ಕ ಮತ್ತೆ ಚೇತರಿಸ್ಕೊಂಡಿದ್ದಾಳೆ ಅಲ್ವಾ?"

ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಅದು ಅಕ್ಕ ಅಲ್ಲ. ಅಕ್ಕಂದು ನಿಂತೋಯ್ತು. ಎಷ್ಟು ಊಟ ಹಾಕಿದ್ರೂ ಏಳ್ಲಿಲ್ಲ. ನಿಮಗೆ ಹೇಳೋಕೆ ಬಾಯೇ ಬರ್ಲಿಲ್ಲ... ನೀವೀಗ ಮಾತಾಡಿಸ್ತಿರೋದು ನನ್ನ ತೋಳಿನ ಚರ್ಮ."

ಅವನ ಮುಖ ಬಿಳಿಚಿಕೊಂಡಿತು.

"ಅಕ್ಕ ಎರಡನೇ ಸಲ ಸತ್ಲು. ಈ ಸಲ ನನಗೆ ಅಳೋಕೂ ಬಿಡ್ಲಿಲ್ಲ ನೀವು."

ಹೊರಟೇಹೋದ.

ಶನಿವಾರಗಳು ಖಾಲಿಯಾದವು. ಗಡ್ಡೆಯ ತಟ್ಟೆಗೆ ಊಟ ಹಾಕುವಾಗ ಮಾಸ್ಕಿನೊಳಗೆ ಅವಳ ಕಣ್ಣೀರು ಇಳಿಯುತ್ತಿತ್ತು. 'ನಿನಗೆ ಮಾತ್ರ ಸಾವಿಲ್ಲ ಅಲ್ವಾ!' ಎಂದು ಅದನ್ನೇ ಬೈಯುತ್ತಿದ್ದಳು. ತನ್ನ ಚರ್ಮದ ತಟ್ಟೆಯನ್ನು ಮಾತ್ರ ಎಸೆಯಲಾಗಲಿಲ್ಲ.

ಒಂದು ಸಂಜೆ ಬಾಗಿಲು ತೆರೆಯಿತು. ಅದೇ ಕೆಂಪು ಕಿವಿ. ಈ ಸಲ ಕೋಪವಿರಲಿಲ್ಲ.

"ಅಕ್ಕನಿಗೆ ಅಂತ ಒಂದು ವಿಷ್ಯ ಹೇಳ್ತಿದ್ದೆ. ಕೇಳಿಸ್ಕೊಂಡಿದ್ದು ನಿಮ್ಮ ಚರ್ಮ. ನಿಮಗೇನೂ ಹೇಳ್ಲಿಲ್ವಾ ಅದು?"

"ನಾನು ನಲ್ಲಿ ಬಿಟ್ಕೊಳ್ತಿದ್ದೆ..."

"ಈ ಹುಡುಗಿ ಅಂದ್ರೆ ನನಗೆ ಪ್ರಾಣ ಅಕ್ಕಾ, ಕೇಳಿಬಿಡ್ಲಾ ಅಂತಿದ್ದೆ." ಅವನ ದನಿ ಒಡೆಯಿತು. "ಸಿಟ್ಟು ಇನ್ನೂ ಇದೆ. ಆದ್ರೆ ನಾನು ಅಳಬಾರ್ದು ಅಂತ ಕೈ ಕೊಯ್ಸಿಕೊಂಡೋರು ಯಾರಿದ್ದಾರೆ ನನಗೆ?"

"ಇನ್ಮೇಲೆ ಮುಚ್ಚಿಡಲ್ಲ," ಅವಳು ಅಳುತ್ತಲೇ ಹೇಳಿದಳು. "ಈ ತಟ್ಟೇದೂ ಒಂದಿನ ನಿಂತೋಗುತ್ತೆ."

"ಗೊತ್ತು. ಅವತ್ತು ಇಬ್ರೂ ಕೂತು ಅಳೋಣ... ಪಕ್ಕದ್ದು ತಾಗಿದ್ರೆ ನಿಲ್ಲುತ್ತೆ ಅಂದಿದ್ರಲ್ಲ? ತಾಗ್ಲಾ?"

ಅವಳು ತೋಳು ಚಾಚಿದಳು. ಗಾಯದ ಗುರುತಿನ ಮೇಲೆ ಅವನ ಬೆರಳು ಬಂದು ನಿಂತಿತು.

"ಗಡ್ಡೆಗೆ ಊಟ ಆಯ್ತಾ ಇವತ್ತು?"

"ಇನ್ನೂ ಇಲ್ಲ."

"ಬನ್ನಿ, ಹಾಕೋಣ. ಹೊಸ ಔಷಧಿ ಸಿಕ್ಕಿ ಬೇರೆ ಯಾರ ಅಕ್ಕನಾದ್ರೂ ಉಳೀಲಿ."