ಏಳು ಲಕ್ಷದ ಕಿವಿಮಣಿ

ಸೇಲಂನ ಲಾರಿ ಚಾಲಕ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದ. ಹುಬ್ಬಳ್ಳಿಯ ಪೀರವ್ವ ಅದನ್ನು ಕನ್ನಡದಲ್ಲೇ ಕೇಳಿಸಿಕೊಂಡು, ಬದನೆಕಾಯಿ ತೂಗುತ್ತಲೇ ಅವನಿಗೆ ಸರಿಯಾಗಿ ಬೈಯುತ್ತಿದ್ದಳು. 2061ರಲ್ಲಿ ಇದೇನೂ ಸೋಜಿಗವಲ್ಲ. ಅವಳ ಎಡಗಿವಿಯ ಹಿಂದೆ, ಚರ್ಮದೊಳಗೆ ಕಡಲೆಕಾಳಿನಷ್ಟು ಪುಟ್ಟ ಫೋನು ಹುದುಗಿತ್ತು. ಅದು ಮಾತನ್ನು ಅನುವಾದಿಸಿ ನೇರವಾಗಿ ನರಕ್ಕೇ ಮುಟ್ಟಿಸುತ್ತಿತ್ತು. ಜನ ಅದನ್ನು ಕಿವಿಮಣಿ ಎನ್ನುತ್ತಿದ್ದರು; ಪಕ್ಕದಲ್ಲಿ ಕುಳಿತ ಅವಳ ಮಗಳ ಕಿವಿಯಲ್ಲೂ ಒಂದಿತ್ತು. ಈ ಮಣಿಯನ್ನು ಕಂಡುಹಿಡಿದ ಡಾಕ್ಟರ್ ಸರಯೂ ಹಂಚಿನಾಳ ಎದುರಿಗೇ ಸೊಪ್ಪು ಆರಿಸುತ್ತ, ಹೆತ್ತವಳ ಹೆಮ್ಮೆಯಿಂದ ನಗುತ್ತಿದ್ದಳು.

ಅಷ್ಟರಲ್ಲಿ ಬೈಕೊಂದು ಬಂತು. ಹಿಂದೆ ಕುಳಿತವನು ಪೀರವ್ವನ ತುರುಬು ಹಿಡಿದು ತಲೆಯನ್ನು ತಕ್ಕಡಿಗೆ ಅಪ್ಪಳಿಸಿದ. ಬ್ಲೇಡಿನಿಂದ ಕಿವಿಯ ಹಿಂಭಾಗ ಸೀಳಿ, ಮಣಿ ಕಿತ್ತುಕೊಂಡು ಹೋದ. ಸರಯೂ ಅಂಗೈಯಿಂದ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಆ ತಿಂಗಳು ಊರಿನಲ್ಲಿ ಕೊಯ್ದ ನಲವತ್ತನೆಯ ಕಿವಿ ಅದು. ಇಬ್ಬರು ಸತ್ತೂ ಹೋಗಿದ್ದರು.

ಮರುದಿನ ಸರಯೂ ಮಣಿ ತಯಾರಿಸುವ ತನ್ನ ಕಂಪನಿಯಲ್ಲಿ ಬೆಲೆ ಕಟ್ಟುವ ಅಧಿಕಾರಿ ಪ್ರಹ್ಲಾದ ಕಟ್ಟಿಯ ಮುಂದೆ ಕುಳಿತಳು.

"ಕಳ್ಳ ಕಿತ್ರೂ ಅಷ್ಟ, ಡಾಕ್ಟರು ತಗದ್ರೂ ಅಷ್ಟ, ಮೈ ಬಿಟ್ಟ ಕೂಡ್ಲೆ ಮಣಿ ಸಾಯೂ ಹಂಗ ಮಾಡ್ತೀನಿ. ಸತ್ತ ಮಣಿಗೆ ಯಾರು ಕಿವಿ ಕೊಯ್ತಾರ?"

"ಬ್ಯಾಡ್ರಿ ಮೇಡಂ," ಕಟ್ಟಿ ಚಹಾ ಕೆಳಗಿಟ್ಟ. "ಹಳೇ ಮಣಿ ಏಳು ಲಕ್ಷಕ್ಕ ಹೋಗ್ತದ. ಅಂತನ ಹೊಸಾದು ಹನ್ನೆರಡಕ್ಕ ಮಾರತೀವಿ. ಅಂತನ ನೆಟ್‌ವರ್ಕಿನವರು ಸಬ್ಸಿಡಿ ಹಾಕಿ, ಆರು ವರ್ಷದ ಕರಾರು ಬರಸ್ಕೊಂಡು, ಕಾಯಿಪಲ್ಯಾ ಮಾರೋರಿಗೂ ಪುಕ್ಕಟ ಕೊಡತಾರ; ಕರಾರು ಮುಗಿದ್ರ ಮಣಿ ತಗೊಂಡೋರದ, ಮಾರ್ಕೋಬಹುದು. ಬೆಲೆ ಬಿತ್ತಂದ್ರ ಎಲ್ಲಾ ಬಿತ್ತು."

"ಕಿವಿ?"

"ಅದಕ್ಕ ವಿಮಾ ಅದ ಅಲ್ರಿ."

ಸರಯೂಳ ಮೈ ಉರಿಯಿತು. ಕಳ್ಳನ ಬ್ಲೇಡಿಗೆ ಸಾಣೆ ಹಿಡಿಯುವವರು ಇಲ್ಲೇ ಕೂತಿದ್ದಾರಲ್ಲ ಎನಿಸಿತು. ಯಾರ ಅಪ್ಪಣೆಗೂ ಕಾಯದೆ, ಸಂಜೆಯೊಳಗೆ ಊರಿನ ಎಲ್ಲ ಮಣಿಗಳಿಗೂ ಆ ಆಜ್ಞೆ ಕಳಿಸಿ, ಸುದ್ದಿಯನ್ನೂ ಸಾರಿದಳು.

ವಾರವಿಡೀ ಒಂದು ಕಿವಿಗೂ ಗಾಯವಾಗಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅವಳ ಮನೆಯ ಕಿಟಕಿಗಳು ಪುಡಿಪುಡಿಯಾದವು. ಹೊರಗೆ ನೂರಾರು ಜನ ಕಾವಲುಗಾರನನ್ನು ಕೆಡವಿ ತುಳಿಯುತ್ತಿದ್ದರು. ಬಿಡಿಸಲು ಓಡಿದ ಸರಯೂಳ ಹಣೆಗೆ ಕಲ್ಲು ಬಿತ್ತು. ಕಣ್ಣಿಗಿಳಿದ ರಕ್ತ ಒರೆಸಿಕೊಂಡು ನೋಡಿದರೆ, ಎಸೆದವಳು ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಪೀರವ್ವ.

"ನಿನ್ನ ಮಗಳ ಕಿವಿ ಉಳಿಸೀನಿ, ಪೀರವ್ವ!"

"ಕಿವಿ ತಗೊಂಡು ಏನ್ ಮಾಡ್ಲಿ ಬಾಯಾರ?" ಪೀರವ್ವ ಅಳುತ್ತಿದ್ದಳು. "ಮುಂದಿನ ತಿಂಗಳ ಅಕಿ ಕರಾರು ಮುಗೀತಿತ್ತು. ಮಣಿ ಮಾರಿ ಒಂದು ಅಂಗಡಿ ಹಿಡೀಬೇಕಂತ ಮಾಡಿದ್ವಿ. ಏಳು ಲಕ್ಷ ಇತ್ರೀ ಆ ಕಿವ್ಯಾಗ!"

ಪೀರವ್ವ ಬಗ್ಗಿ ಇನ್ನೊಂದು ಕಲ್ಲು ಎತ್ತಿಕೊಂಡಳು.