ನಾಳೆ ಸೀನ್ ಬರಲ್ಲ

ಹಿತ್ತಲಿನ ಕೋಣೆಯಲ್ಲಿ ಹೆಣ ಬಿದ್ದಿತ್ತು. ಬೆಳಿಗ್ಗೆ ಕಾಫಿ ಹಿಡಿದು ಬಂದ ತಮ್ಮನ ಹೆಂಡತಿ ಮೊದಲು ನೋಡಿದ್ದಳು. ಸತ್ತವಳು ಸೀರಿಯಲ್ ಪ್ರೊಡ್ಯೂಸರನ ಅಕ್ಕ. ಮದುವೆಯಾಗದೆ, ತಮ್ಮನ ಮನೆಯ ಹಿಂದಿನ ಆ ಕೋಣೆಯಲ್ಲೇ ತಲೆ ನರೆಸಿಕೊಂಡವಳು. ಕುತ್ತಿಗೆಗೆ ಅವಳದೇ ಸೀರೆ ಬಿಗಿದಿತ್ತು. ಜೀವ ಹಿಂದಿನ ಸಂಜೆಯೇ ಹೋಗಿದೆ ಎಂದು ಡಾಕ್ಟರ್ ಹೇಳಿದ್ದ. ಬೀರುವಿನ ಬಾಗಿಲು ಹಾರು ಹೊಡೆದಿತ್ತು. ಬಟ್ಟೆ, ಡಬ್ಬಿ, ದಿಂಬು, ಎಲ್ಲ ಚೆಲ್ಲಾಪಿಲ್ಲಿ.

ಇನ್‌ಸ್ಪೆಕ್ಟರಮ್ಮ ಬಾಗಿಲಿಂದ ಹೆಣದವರೆಗೆ ನೆಟ್ಟಗೆ ನಡೆದಳು. ಕಾಲಿಗೆ ಏನೂ ತೊಡರಲಿಲ್ಲ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು, ಆದರೆ ಏನೆಂದು ಹೊಳೆಯಲಿಲ್ಲ.

ಹೊರಗೆ ಪ್ರೊಡ್ಯೂಸರ್ ಗೋಳಾಡುತ್ತಿದ್ದ. ಸಂಜೆಯಾದರೆ ಊರಿನ ಅರ್ಧ ಮನೆಗಳನ್ನು ಟಿ.ವಿ. ಮುಂದೆ ಅಳಿಸಿ ಕೂರಿಸುವ ಮಹಾನುಭಾವ. ಕಥೆ, ಸಂಭಾಷಣೆ, ನಿರ್ಮಾಣ ಎಲ್ಲಕ್ಕೂ ಅವನದೇ ಹೆಸರು. ಇನ್‌ಸ್ಪೆಕ್ಟರಮ್ಮನ ಹತ್ತಿರ ಸರಿದು ದನಿ ತಗ್ಗಿಸಿದ.

"ಮನೆ ಮಾತು ಹೇಳಬಾರದು ಮೇಡಂ. ಆದ್ರೂ... ಅಕ್ಕಂಗೂ ನನ್ನ ಹೆಂಡ್ತಿಗೂ ಎಣ್ಣೆ ಸೀಗೇಕಾಯಿ."

"ಅಂದ್ರೆ?"

"ಅಂದ್ರೆ ಏನಿಲ್ಲ. ಅಕ್ಕನ ಬಳೆ ಮೇಲೆ ಅವಳಿಗೆ ಕಣ್ಣಿತ್ತು. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಹೆಂಡತಿಯ ಕಪಾಟು ತಡಕಿದರು. ಸೀರೆಗಳ ಅಡಿಯಲ್ಲಿ ಬಳೆ ಸಿಕ್ಕವು.

ಹೆಡ್ ಕಾನ್ಸ್‌ಟೇಬಲ್ ಮೀಸೆ ತೀಡಿದ. "ಆಯ್ತಲ್ಲ ಮೇಡಂ! ಇಂಥದ್ದನ್ನ ನಮ್ಮನೇಲಿ ದಿನಾ ನೋಡ್ತೀವಿ."

"ನಿಮ್ಮನೇಲಾ?"

"ಅಯ್ಯೋ, ಟಿ.ವಿ.ಲಿ ಮೇಡಂ! ಇವರದೇ ಸೀರಿಯಲ್‌ನಲ್ಲಿ."

* * *

ಸಂಜೆಯೊಳಗೆ ಆಕೆಯನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಮೇಲಿನವರ ಫೋನ್ ಬಂತು. ಬಳೆ ಸಿಕ್ಕಿದ ಮೇಲೆ ಇನ್ನೇನು ತನಿಖೆ ಅಂತ ಅವರ ವಾದ. ಒಮ್ಮೆ ಒಳಗೆ ಹೋದರೆ ಆ ಹೆಂಗಸಿನ ಬದುಕು ಮೂರಾಬಟ್ಟೆ.

ಠಾಣೆಯ ಬೆಂಚಿನ ಮೇಲೆ ಅವಳು ಮುದುಡಿ ಕೂತಿದ್ದಳು. ಕೊಟ್ಟ ನೀರನ್ನೂ ಮುಟ್ಟಿರಲಿಲ್ಲ.

"ನಿಮ್ಮತ್ತಿಗೆ ದಿನವಿಡೀ ಆ ಕೋಣೇಲಿ ಏನಮ್ಮ ಮಾಡ್ತಿದ್ರು?"

"ಬೆಳಿಗ್ಗೆ ಫೋನ್ ಹಿಡ್ಕೊಂಡು ಕೂರೋರು. ಅತ್ತೆ ಥರ ಗದರೋರು, ಸೊಸೆ ಥರ ಬಿಕ್ಕೋರು. ಎಲ್ಲಾ ಅವರೊಬ್ಬರೇ. ನಾನು ತರಕಾರಿ ಹೆಚ್ಚುತ್ತಾ ಬಾಗಿಲಲ್ಲಿ ಕೂತು ಕೇಳ್ತಿದ್ದೆ. ಎಷ್ಟು ಚೆನ್ನಾಗಿರ್ತಿತ್ತು ಗೊತ್ತಾ ಮೇಡಂ..."

"ಆ ಕಡೆ ಫೋನಲ್ಲಿ ಯಾರಿರ್ತಿದ್ರು?"

ಅವಳು ತಲೆ ತಗ್ಗಿಸಿದಳು. "ಅದು ಹೊರಗೆ ಹೇಳೋದಲ್ಲ. ಅವರ ಮರ್ಯಾದೆ ಪ್ರಶ್ನೆ."

ಯಾರ ಮರ್ಯಾದೆ ಎಂದು ಕೇಳಿದಾಗ ಮುಖವನ್ನು ಗೋಡೆಯತ್ತ ತಿರುಗಿಸಿದಳು.

* * *

ಸ್ಟುಡಿಯೋದಲ್ಲಿ ಶೂಟಿಂಗ್ ನಡೆದೇ ಇತ್ತು. ಪ್ರೊಡ್ಯೂಸರನ ಅಕ್ಕನ ಫೋಟೋಕ್ಕೆ ಹಾರ ಹಾಕಿ ಟೀ ಮೇಜಿನ ಮೇಲೆ ಇಟ್ಟಿದ್ದರು. ಅದರ ಪಕ್ಕದಲ್ಲೇ ಎಂಜಲು ಲೋಟಗಳ ರಾಶಿ.

"ದುಃಖ ಇದ್ದೇ ಇದೆ ಮೇಡಂ," ಡೈರೆಕ್ಟರ್ ಅಂದ, "ಎಪಿಸೋಡ್ ನಿಲ್ಲಲ್ವಲ್ಲ. ನಿನ್ನೆಯದೊಂದು ಕಳ್ಳತನದ ಸೀನ್ ಬಾಕಿ ಇತ್ತು."

ಹುಡುಗರು ಸೆಟ್ಟಿನ ಕೋಣೆಯಲ್ಲಿ ಬಟ್ಟೆ ಎರಚುತ್ತಿದ್ದರು. ಡೈರೆಕ್ಟರ್ ಕಿರುಚಿದ. "ಮಧ್ಯೆ ಜಾಗ ಬಿಡ್ರೋ! ಕ್ಯಾಮೆರಾ ಗಾಡಿನ ಎಲ್ಲಿ ತಳ್ಳಲಿ, ನಿಮ್ಮ ತಲೆ ಮೇಲಾ?"

ಹುಡುಗರು ಬಟ್ಟೆಗಳನ್ನು ಎರಡೂ ಕಡೆಗೆ ಸರಿಸಿದರು. ನಡುವೆ ನೀಟಾದ ದಾರಿ ಬಿತ್ತು.

ಇನ್‌ಸ್ಪೆಕ್ಟರಮ್ಮ ಆ ದಾರಿಯನ್ನೇ ದಿಟ್ಟಿಸಿದಳು. ಬೆಳಿಗ್ಗೆ ತಾನು ಅಂಥದೇ ದಾರಿಯಲ್ಲಿ ನಡೆದು ಹೆಣದ ಹತ್ತಿರ ಹೋಗಿದ್ದಳು. ಈ ಡೈರೆಕ್ಟರನ ಕೈವಾಡವೇ?

"ನಿನ್ನೆ ಸಂಜೆ ಎಲ್ಲಿದ್ರಿ?"

"ಇಲ್ಲೇ, ಎಲ್ಲರ ಕಣ್ಣೆದುರಿಗೆ. ಸರ್ ಮನೆಯಿಂದ ಫೋನ್ ಮಾಡಿ ‘ನಾಳೆ ಸೀನ್ ಬರಲ್ಲ, ಹಳೇದನ್ನೇ ಜೋಡಿಸಿ ನೆನಪಿನ ಎಪಿಸೋಡ್ ಮಾಡು’ ಅಂದ್ರು. ಆಮೇಲೆ ಎಡಿಟಿಂಗ್‌ನಲ್ಲೇ ಬಿದ್ದಿದ್ದೆ."

"ಸೀನ್ ತಪ್ಪೋದು ಮಾಮೂಲಾ?"

"ಇದುವರೆಗೂ ತಪ್ಪಿಲ್ಲ, ಸರ್‌ಗೆ ಜ್ವರ ಬಂದಾಗ್ಲೂ! ಬೆಳಿಗ್ಗೆ ಕ್ಯಾಬಿನ್ ಬಾಗಿಲು ಹಾಕ್ಕೊಂಡು, ಫೋನ್ ಕಿವಿಗಿಟ್ಕೊಂಡು ಕೂತ್ರೆ ಮುಗೀತು. ಆಚೆ ಬರುವಾಗ ಸೀನ್ ರೆಡಿ."

"ಫೋನ್ ಯಾಕೆ?"

"ಅದೇನೋ, ಅವರ ಬರೆಯೋ ಪದ್ಧತಿ."

* * *

ಕ್ಯಾಬಿನ್ನಿನಲ್ಲಿ ಪ್ರಶಸ್ತಿಗಳ ಗೋಡೆಯ ಕೆಳಗೆ ಪ್ರೊಡ್ಯೂಸರ್ ಕೂತಿದ್ದ. ಹೆಂಡತಿಯನ್ನು ಕೋರ್ಟಿಗೆ ಕಳಿಸಿದಿರಾ ಎಂದು ಕೇಳಿದ.

"ಇಲ್ಲ. ನಿನ್ನೆ ಸಂಜೆ ‘ನಾಳೆ ಸೀನ್ ಬರಲ್ಲ’ ಅಂದ್ರಂತೆ. ಹೇಗೆ ಗೊತ್ತಾಯ್ತು?"

"ನನಗೆ ಮೂಡ್ ಇರಲಿಲ್ಲ."

"ಜ್ವರದಲ್ಲೂ ಇದ್ದ ಮೂಡು! ದಿನಾ ಬೆಳಿಗ್ಗೆ ನಿಮ್ಮಕ್ಕ ಫೋನಲ್ಲಿ ಸೀನ್ ಹೇಳೋರು, ನೀವು ಬರ್ಕೊಳ್ಳೋರು. ಹೇಳೋ ಬಾಯನ್ನ ನಿನ್ನೆ ಸಂಜೆ ನೀವೇ ಮುಚ್ಚಿಸಿದ್ರಿ. ಅದಕ್ಕೇ ಸೀನ್ ಬರಲ್ಲ ಅಂತ ಹೆಣ ಸಿಗೋ ಮೊದಲೇ ಗೊತ್ತಿತ್ತು. ಇನ್ನು ಆ ಕೋಣೆ. ನಿಜವಾದ ಕಳ್ಳ ಕೈಗೆ ಸಿಕ್ಕಿದ್ದನ್ನ ಕಾಲ ಬುಡಕ್ಕೇ ಎಸೀತಾನೆ. ನೀವು ಅಭ್ಯಾಸಬಲದಿಂದ ಕ್ಯಾಮೆರಾ ಗಾಡಿಗೆ ದಾರಿ ಬಿಟ್ರಿ. ಆ ಮನೇಲಿ ಸೆಟ್ ಹಾಕೋ ಕೆಲಸ ಗೊತ್ತಿರೋದು ನಿಮಗೊಬ್ಬರಿಗೇ."

ಅವನ ಮುಖ ಕಪ್ಪಿಟ್ಟಿತು. ಆಮೇಲೆ ಉರಿದುಬಿದ್ದ.

"ಹೆಸರು ಬೇಕಂತೆ, ಈ ವಯಸ್ಸಲ್ಲಿ! ಹೆಸರು ಹಾಕೋವರೆಗೂ ಒಂದು ಮಾತೂ ಹೇಳಲ್ಲ ಅಂತ ಹಟ ಹಿಡಿದ್ಲು. ಇಷ್ಟು ವರ್ಷ ಕಟ್ಟಿದ ನನ್ನ ಮಾನ ಏನಾಗ್ಬೇಕು?"

"ಬಳೆ ಕಪಾಟಲ್ಲಿ ಬಚ್ಚಿಟ್ಟು ಹೆಂಡತಿ ತಲೆಗೆ ಯಾಕೆ ಕಟ್ಟಿದ್ರಿ?"

"ಅತ್ತಿಗೆ ನಾದಿನಿ ಜಗಳ ಅಂದ್ರೆ ಜನ ಕಣ್ಣು ಮುಚ್ಕೊಂಡು ನಂಬ್ತಾರೆ ಮೇಡಂ," ಅಂದ, ಕಥೆ ಒಪ್ಪಿಸುವವನ ಹಾಗೆ.

ಥೂ, ಎಂಥ ಹೇಸಿಗೆ! ಹೆಡ್ ಕಾನ್ಸ್‌ಟೇಬಲ್ ಅವನ ಕೈಗೆ ಬೇಡಿ ತೊಡಿಸುವಾಗ ಅವನ ಮೈ ತಗುಲೀತೆಂದು ಇನ್‌ಸ್ಪೆಕ್ಟರಮ್ಮ ದೂರ ಸರಿದು ನಿಂತಳು.

* * *

ಠಾಣೆಗೆ ಮರಳಿ, ಕೊಂದದ್ದು ಗಂಡನೇ ಎಂದು ತಿಳಿಸಿದಾಗ ಅವಳು ಅಳಲಿಲ್ಲ. "ಅವರ ಮಾನ ಕಾಯೋಕೆ ಬಾಯಿ ಮುಚ್ಕೊಂಡೆ. ಅವರು ನನ್ನನ್ನೇ..." ಅಂದಳು.

ಅಷ್ಟರಲ್ಲಿ ಚಾನೆಲ್ ಮುಖ್ಯಸ್ಥನ ಫೋನ್, ಬೆಂಚಿನವರೆಗೂ ಕೇಳುವ ದನಿ. "ಮೇಡಂ, ಅರೆಸ್ಟ್ ಸುದ್ದಿ ಇವತ್ತಿನ ಎಪಿಸೋಡ್ ಮುಗಿದ ಮೇಲೆ ಬಿಡ್ತೀರಾ? ಮತ್ತೆ, ಕಥೆ ಅಕ್ಕನದೇ ಅಂತ ಈಗ ಡೈರೆಕ್ಟರ್ ಹೇಳಿದ್ರು. ಆ ಅಕ್ಕ ಮನೇಲಿ ಯಾರಿಗಾದ್ರೂ ಮುಂದಿನ ಕಥೆ ಹೇಳಿದ್ರಾ?"

ಹೆಣಕ್ಕೆ ಇನ್ನೂ ಬೆಂಕಿ ಬಿದ್ದಿಲ್ಲ! ಇನ್‌ಸ್ಪೆಕ್ಟರಮ್ಮ ಬೈಯಲು ಬಾಯಿ ತೆರೆದಳು. ಬೆಂಚಿನ ಮೇಲಿನ ಹೆಂಗಸು ಎದ್ದು ಬಂದು ಫೋನಿಗೆ ಕೈ ಚಾಚಿದಳು.

"ನನಗೆ ಹೇಳಿದ್ರು," ಅಂದಳು. "ಕೊನೇವರೆಗೂ ಹೇಳಿದ್ರು. ಮೊದಲು ಅತ್ತಿಗೆ ಹೆಸರು ಹಾಕಿ, ಆಮೇಲೆ ಕೇಳಿ."

ಆ ಕಡೆಯವನು ಇನ್ನೂ ಏನೋ ಹೇಳುತ್ತಿದ್ದ. ಅವಳು ಫೋನ್ ಇಟ್ಟುಬಿಟ್ಟಳು.